ಬೀಗರ ಕಾರಿನ ಬಾಯಾರಿಕೆ

ಕಾರಿನ ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳು ಒಂದೇ ಥರ ಕಪ್ಪಾಗಿದ್ದವು. ಮೇಸ್ತ್ರಿಯ ಸಂಕಟ ಅದೇ. ಹಳೆಯ ಬನಿಯನ್ನಿನ ತುಂಡಿನ ಮೇಲೆ ಅವನ್ನು ಮಲಗಿಸಿದ್ದವನು, ಒಂದಾದರೂ ಕೊಂಚ ಕಂದು ಬಣ್ಣಕ್ಕಿರಬಹುದೇನೋ ಎಂಬ ಆಸೆಯಿಂದ ಒಂದೊಂದನ್ನೇ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಇಲ್ಲ. ಎಲ್ಲದರ ಮೂತಿಯ ಮೇಲೂ ಅದೇ ಜಿಡ್ಡು, ಅದೇ ಮಸಿ. ರಿಂಗು ಸವೆದ ಎಂಜಿನ್ನಿನಲ್ಲಿ ಇಷ್ಟು ಸಮಾನತೆ ಇರುವುದಿಲ್ಲ. ಅಲ್ಲಿ ಮೊದಲು ಒಂದು ಸಿಲಿಂಡರು ಹಾದಿ ತಪ್ಪುತ್ತದೆ, ಅದರ ಗೋಡೆಯ ಆಯಿಲನ್ನು ಒರೆಸಿ ಕೆಳಗಿಳಿಸಬೇಕಾದ ಉಂಗುರಗಳು ಕೈಚೆಲ್ಲುತ್ತವೆ, ಆಯಿಲು ಮೇಲೇರಿ ಪೆಟ್ರೋಲಿನ ಜೊತೆ ಉರಿಯುತ್ತದೆ. ಉಳಿದ ಸಿಲಿಂಡರುಗಳು ಇನ್ನೂ ಸ್ವಲ್ಪ ದಿನ ಮಾನ ಕಾಪಾಡಿಕೊಂಡಿರುತ್ತವೆ. ಇಲ್ಲಿ ಹಾಗಲ್ಲ. ಪ್ಲಗ್ಗು ಬಿಚ್ಚಿದ ತೂತುಗಳಿಗೆ ಒತ್ತಡ ಅಳೆಯುವ ಗೇಜು ಹಿಡಿದಾಗಲೂ ಮುಳ್ಳು ಪ್ರತಿಸಲ ಅದೇ ಜಾಗಕ್ಕೆ ಚಿಮ್ಮಿ, ಅಲ್ಲಿ ಅಲುಗಾಡದೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸಾಕ್ಷಿಯ ಹಾಗೆ ನಿಂತುಬಿಟ್ಟಿತ್ತು. ಎಂಜಿನ್ನು ಗಟ್ಟಿಮುಟ್ಟಾಗಿತ್ತು. ಮೇಸ್ತ್ರಿಯ ಜೀವಮಾನದಲ್ಲಿ ಒಂದು ಒಳ್ಳೆಯ ಎಂಜಿನ್ನು ಅವನಿಗೆ ಇಷ್ಟು ಬೇಸರ ತಂದದ್ದು ಇದೇ ಮೊದಲು.

ಯಾಕೆಂದರೆ ರಿಂಗು ಹೋಗಿವೆ ಎಂದು ಹೇಳಿದ್ದವನು ಅವನೇ. ಬಾನೆಟ್ಟು ಎತ್ತದೆ, ಎದ್ದು ನಿಲ್ಲದೆ, ಬೀಗರ ಮನೆಯ ಊಟದ ಮೇಜಿನ ಮುಂದೆ, ತುತ್ತು ಕೈಯಲ್ಲಿರುವಾಗಲೇ ಹೇಳಿದ್ದ. ಅಳಿಯ ಹೊರಗೆ ಕಾರು ಸ್ಟಾರ್ಟ್ ಮಾಡಿದ್ದ. ಕಿಟಕಿಯಾಚೆ ನೀಲಿ ಹೊಗೆಯೊಂದು ಸೋಮಾರಿಯಂತೆ ಎದ್ದಿತ್ತು. ಹೊಗೆಗಿಂತ ಮೊದಲು ಅವನ ಕಿವಿಗೆ ಬಿದ್ದದ್ದು ಎಂಜಿನ್ನಿನ ಹೊಟ್ಟೆಯೊಳಗಿನ ಏದುಸಿರು. ಕಿವಿ ಮೇಸ್ತ್ರಿ ಎಂದು ಅವನಿಗೆ ಹೆಸರು ಬಿದ್ದದ್ದೇ ಅದಕ್ಕೆ. ರಸ್ತೆಯ ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿ, ಗಾಡಿ ಬಾಗಿಲಿಗೆ ಬರುವುದರೊಳಗೆ ಬೇಕಾದ ಸ್ಪ್ಯಾನರು ಎತ್ತಿಟ್ಟುಕೊಂಡಿರುತ್ತಾನೆ ಎಂದು ಜನ ಹೇಳುತ್ತಿದ್ದರು. ಆ ಮಾತನ್ನು ಅವನೇ ಹಬ್ಬಿಸಿದ್ದು ಎಂದು ಎದುರಿನ ಟೈರ್ ಅಂಗಡಿಯವನ ಆರೋಪ. “ನಿಮ್ಮ ಕಿವಿ ಎಂಜಿನ್ನಿಗೆ ಮಾತ್ರ. ಮನೇಲಿ ಹೇಳಿದ್ದೊಂದೂ ಕೇಳ್ಸಲ್ಲ,” ಎಂದು ಹೆಂಡತಿಯ ಆರೋಪ. ಇಬ್ಬರನ್ನೂ ಅವನು ಅಲ್ಲಗಳೆದಿರಲಿಲ್ಲ. ಅವತ್ತು ಅವನು, “ಬೀಗರೇ, ರಿಂಗು ಹೋಗಿವೆ, ಎಂಜಿನ್ ಇಳಿಸ್ಬೇಕು,” ಎಂದಾಗ ಮೇಜಿನ ಸುತ್ತ ಎಲ್ಲರ ಕೈಯೂ ನಿಂತಿತು. ಅಳಿಯನ ಚಿಕ್ಕಪ್ಪ, “ನೋಡ್ದೇನೇ ಹೇಳ್ತೀರಲ್ರೀ!” ಎಂದರು. “ನೋಡೋದೇನು, ಕೇಳಿಸ್ತಲ್ಲ,” ಎಂದು ತುತ್ತು ಬಾಯಿಗಿಟ್ಟುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಮಗಳು ಬಾಯಿ ತೆರೆದು, ಏನೂ ಹೇಳದೆ ಮುಚ್ಚಿಕೊಂಡದ್ದು ಕಾಣಿಸಿತು. ಅಪ್ಪನ ಮೇಲಿನ ಹೆಮ್ಮೆಯಿಂದ ಮಾತು ಕಟ್ಟಿತು ಎಂದುಕೊಂಡ. ಆ ಮುಖವನ್ನು ಆಮೇಲೆ ಎಷ್ಟೋ ಸಲ, ಗಾಡಿಯ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುವಾಗ, ನೆನೆಸಿಕೊಂಡು ಸುಖಪಟ್ಟಿದ್ದ.

ಆ ಮಾತಿನಲ್ಲಿ ಕಿವಿಗಿಂತ ಹೆಚ್ಚಿನದೇನೋ ಇತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮದುವೆ ಮಾತುಕತೆಯ ದಿನ ಬೀಗರು ಅವನನ್ನು ಇದೇ ಕಾರಿನಲ್ಲಿ ಮನೆಗೆ ಬಿಡಲು ಬಂದಿದ್ದರು. ಅವನು ಅವತ್ತು ಸೀಮೆಎಣ್ಣೆ, ಸೋಪು, ಬ್ರಷ್ಷು ಹಾಕಿ ಉಗುರಿನ ಸಂದನ್ನೂ ಬಿಡದೆ ತಿಕ್ಕಿಕೊಂಡು, ಮಡಿಕೆ ಗೆರೆ ಮುರಿಯದ ಹೊಸ ಅಂಗಿ ಪ್ಯಾಂಟಿನಲ್ಲಿದ್ದ. ಬೀಗರು ಬಾಗಿಲು ತೆಗೆದರು, ಡ್ಯಾಶ್‌ಬೋರ್ಡಿನ ಖಾನೆಯಿಂದ ಹಳೆಯ ಪೇಪರೊಂದನ್ನು ಎಳೆದು ಸೀಟಿನ ಮೇಲೆ ನೀಟಾಗಿ ಹಾಸಿದರು, “ಕೂತ್ಕೊಳ್ಳಿ ಬೀಗರೇ,” ಎಂದರು. ಕೂತ. ದಾರಿಯುದ್ದಕ್ಕೂ ಪೇಪರು ಅವನ ಕೆಳಗೆ ಚರಚರ ಎನ್ನುತ್ತಿತ್ತು. ಯಾವ ಎಂಜಿನ್ನಿನ ಸದ್ದೂ ಅವನ ಕಿವಿಯಲ್ಲಿ ಅಷ್ಟು ದಿನ ಉಳಿದಿಲ್ಲ. ಮನೆಗೆ ಬಂದವನು ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಚಿ ಪ್ಯಾಂಟಿನ ಹಿಂಭಾಗ ನೋಡಿಕೊಂಡಿದ್ದ. ಎಲ್ಲೂ ಒಂದು ಚುಕ್ಕೆಯಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಏನ್ ಹೇಳುತ್ತೆ ಗಾಡಿ?” ಎಂದರು ಬೀಗರು. ಗ್ಯಾರೇಜಿನ ಬಾಗಿಲ ಬಳಿ, ಇದ್ದುದರಲ್ಲಿ ಚೊಕ್ಕವಾದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಕನ್ನಡಕದ ಗೂಡು ಮೊಣಕಾಲ ಮೇಲಿಟ್ಟು, ಬೆನ್ನು ಎಲ್ಲಿಗೂ ತಾಗಿಸದೆ ಕೂತಿದ್ದರು. ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಒಂದು ಕಾಲಕ್ಕೆ ಅವರ ಸ್ಕೂಟರು ಬೀದಿಗೆ ಬಂತೆಂದರೆ ಅಂಗಡಿಯವರು ತಕ್ಕಡಿಯ ತಟ್ಟೆ ಒರೆಸಲು ಶುರುಮಾಡುತ್ತಿದ್ದರಂತೆ. ನಿವೃತ್ತಿಯ ನಂತರ ತಪಾಸಣೆ ಮಾಡಲು ಉಳಿದದ್ದು ಮನೆ, ಸೊಸೆ ಮತ್ತು ಕಾರು.

“ನೋಡ್ತಾ ಇದೀನಿ ಬೀಗರೇ.”

“ನೀವು ನೋಡೋದು ಬೇರೆ ಉಂಟೇ? ಕೇಳಿಸ್ಕೊಂಡ್ರೆ ಸಾಲ್ದೇ?” ಎಂದರು. ವ್ಯಂಗ್ಯವೋ ಮರ್ಯಾದೆಯೋ ತಿಳಿಯಲಿಲ್ಲ. ಅಳೆದು ತೂಗಿ ಮಾತಾಡುವವರ ಜೊತೆ ಇದೇ ಕಷ್ಟ. ಮುಳ್ಳು ಯಾವ ಕಡೆ ವಾಲಿತೆಂದು ಎದುರಿನವನೇ ನೋಡಿಕೊಳ್ಳಬೇಕು.

ಮೇಸ್ತ್ರಿ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ. ಆಯಿಲು ಮಾಯವಾಗುವುದಕ್ಕೆ ಎರಡೇ ದಾರಿ: ಸೋರಬೇಕು, ಇಲ್ಲ ಉರಿಯಬೇಕು. ಸೋರಿಲ್ಲ, ಕಾರಿನ ಕೆಳಭಾಗವೂ ಬೀಗರ ಅಂಗಿಯ ಕಾಲರಿನಷ್ಟೇ ಒಣಗಿತ್ತು. ಉರಿಯುತ್ತಿದೆ. ರಿಂಗಿನ ಕಡೆಯಿಂದ ಬಂದಿಲ್ಲವೆಂದರೆ ಮೇಲಿನಿಂದ ಬರಬೇಕು, ನಾಲ್ಕಕ್ಕೂ ಸಮನಾಗಿ ಬಂದಿದೆಯೆಂದರೆ ನಾಲ್ಕಕ್ಕೂ ಸೇರಿದ ಬಾಗಿಲಿನಿಂದಲೇ ಬರಬೇಕು. ಎಂಜಿನ್ನಿನ ಹೊಟ್ಟೆಯ ಆವಿಯನ್ನು ಗಾಳಿಯ ದಾರಿಗೆ ಒಯ್ಯುವ ರಬ್ಬರು ಪೈಪನ್ನು ಕಿತ್ತು ಬೆರಳು ಹಾಕಿದ. ಬೆರಳಿನ ಗೆಣ್ಣಿನವರೆಗೆ ಆಯಿಲು ಮೆತ್ತಿತು. ಆವಿ ಹೋಗಬೇಕಾದಲ್ಲಿ ಆಯಿಲು ತುಳುಕುತ್ತಿತ್ತು. ಪೈಪಿನ ಬುಡದ ವಾಲ್ವನ್ನು ಕಿವಿಯ ಪಕ್ಕ ಅಲ್ಲಾಡಿಸಿದ. ಕಟಕಟ ಎಂದಿತು, ಸರಿಯಾಗಿತ್ತು. ಕೊನೆಗೆ, ಮೊಟ್ಟಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದ: ಆಯಿಲ್ ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದ. ಕಡ್ಡಿಯಲ್ಲಿ ಮೇಲೊಂದು ಗೀರು, ಕೆಳಗೊಂದು ಗೀರು. ಆಯಿಲು ಅವೆರಡರ ನಡುವೆ ಇರಬೇಕು. ಇಲ್ಲಿ ಅದು ಮೇಲಿನ ಗೀರನ್ನೂ ದಾಟಿ ಒಂದು ಬೆರಳಗಲ ಹತ್ತಿಕೊಂಡು ಹೋಗಿತ್ತು. ಆಯಿಲು ಕುಡಿಯುತ್ತದೆ ಎಂದು ದೂರು ಹೊತ್ತು ಬಂದ ಕಾರಿನ ಹೊಟ್ಟೆ ಆಯಿಲಿನಿಂದ ಬಿರಿಯುತ್ತಿತ್ತು.

ಹಾಗಾದರೆ ಕಿವಿ ಸುಳ್ಳು ಹೇಳಿರಲಿಲ್ಲ, ಏದುಸಿರು ಇದ್ದದ್ದು ನಿಜ. ಆದರೆ ಏದುಸಿರು ಮುದುಕನಿಗೂ ಬರುತ್ತದೆ, ಮೂಗಿನವರೆಗೆ ಉಂಡವನಿಗೂ ಬರುತ್ತದೆ. ಯಾರದ್ದೆಂದು ನೋಡಲು ಎದ್ದು ಹೋಗಬೇಕಿತ್ತು, ಅಷ್ಟೆ.

“ಬೀಗರೇ, ಆಯಿಲ್ ಯಾರು ನೋಡ್ತಾರೆ ದಿನಾ?”

“ಇನ್ಯಾರು, ನಾನೇ. ಬೆಳಿಗ್ಗೆ ಎದ್ದ ಕೂಡ್ಲೇ, ಎಂಜಿನ್ ತಣ್ಣಗಿರುವಾಗ. ನಿಂತ ಜಾಗ ಬದಲಾಗ್ಬಾರ್ದು, ಒರೆಸೋ ಬಟ್ಟೆ ಬಿಳೀದೇ ಆಗ್ಬೇಕು. ಕೆಳಗಿನ ಗೀರಿಗಿಂತ ಇಳಿದಿದ್ರೆ ಹಾಕ್ತೀನಿ. ಇಳಿದೇ ಇರುತ್ತೆ. ಹಾಕಿದ್ದು ಹಾಕಿದ ಹಾಗೇ ಕುಡಿದುಬಿಡುತ್ತಲ್ರೀ, ಹಾಳಾದ್ದು!” ಅವರ ದನಿಯಲ್ಲಿ ಕಾರಿನ ಮೇಲೆ ಸಿಟ್ಟೂ, ತಮ್ಮ ಶಿಸ್ತಿನ ಮೇಲೆ ಅಭಿಮಾನವೂ ಇದ್ದವು.

ನಿಂತ ಜಾಗ ಬದಲಾಗಬಾರದು. ಮೇಸ್ತ್ರಿಗೆ ಆ ಜಾಗ ಕಣ್ಣಿಗೆ ಕಟ್ಟಿತು. ಮದುವೆಯ ಮರುದಿನ ಬೀಗರ ಮನೆಯಲ್ಲಿ ಸಾಮಾನು ಇಳಿಸುವಾಗ ಹೆಂಡತಿಯ ಕೈಯಿಂದ ಪಾತ್ರೆಯ ಮುಚ್ಚಳವೊಂದು ಜಾರಿ ಬಿದ್ದಿತ್ತು. ಗೇಟಿನ ಹತ್ತಿರ ಬಿದ್ದದ್ದು ಅಲ್ಲಿ ನಿಲ್ಲದೆ, ಬಿಟ್ಟ ಕರುವಿನ ಹಾಗೆ, ಹೊಸ ನೆಂಟರ ಕಾಲುಗಳ ನಡುವೆ ನುಸುಳಿ ಕಾರಿನ ಶೆಡ್ಡಿನವರೆಗೆ ಉರುಳಿಕೊಂಡು ಹೋಗಿ, ಕಾರಿನ ಮುಂದಿನ ಗೋಡೆಗೆ ಢಣ್ಣೆಂದು ಬಡಿದಿತ್ತು. ಎಲ್ಲರೂ ನಕ್ಕಿದ್ದರು. ಹೆಂಡತಿ ಮುಖ ಸಣ್ಣದು ಮಾಡಿಕೊಂಡಿದ್ದಳು. ಗೇಟಿನಿಂದ ಶೆಡ್ಡಿನವರೆಗೆ ಇಳಿಜಾರು. ಕಾರು ಮೂಗು ಕೆಳಗೆ ಮಾಡಿಕೊಂಡು ನಿಲ್ಲುತ್ತದೆ, ಆಯಿಲೆಲ್ಲ ಮುಂದಕ್ಕೆ ಹರಿದು ಸೇರುತ್ತದೆ, ಕಡ್ಡಿ ಇರುವುದು ಹಿಂದೆ. ಕಡ್ಡಿ ಪಾಪ ತನಗೆ ತಾಗಿದಷ್ಟನ್ನು ಹೇಳುತ್ತದೆ. ಬೀಗರು ಸುರಿಯುತ್ತಾರೆ. ಹೆಚ್ಚಾದದ್ದನ್ನು ಎಂಜಿನ್ನು ಒದ್ದಾಡಿ, ಕಡೆದು, ಪೈಪಿನ ದಾರಿಯಲ್ಲಿ ಕಾರಿಕೊಂಡು, ಉರಿಸಿ, ನೀಲಿ ಹೊಗೆ ಮಾಡಿ ಬೀದಿಗೆ ಬಿಡುತ್ತದೆ. ಬೆಳಗಾದರೆ ಬೀಗರು ಬಿಳಿಬಟ್ಟೆ ಹಿಡಿದು ಮತ್ತೆ ಹಾಜರು.

ಮೇಸ್ತ್ರಿಯ ಮೈಯಲ್ಲಿ ತಂಪಾದದ್ದೇನೋ ಹರಿಯಿತು. ಊರಿಗೆಲ್ಲ ಅಳತೆ ಕಲಿಸಿದವರು, ಸೇರು ತೂಕದಲ್ಲಿ ಸಾಸಿವೆಯಷ್ಟು ವ್ಯತ್ಯಾಸ ಬಂದರೆ ಕೇಸು ಹಾಕಿದವರು, ತಮ್ಮ ಮನೆಯಂಗಳದಲ್ಲಿ ನೆಲ ಮಟ್ಟವಿದೆಯೇ ಎಂದು ನೋಡದೆ ಅಳೆದಿದ್ದಾರೆ! ವಾಕ್ಯ ಬಾಯಲ್ಲಿ ಸಿದ್ಧವಾಯಿತು. ‘ಏನ್ ಬೀಗರೇ, ಅಂಗಡಿಯವನು ಓರೆ ಹಲಗೆ ಮೇಲೆ ತಕ್ಕಡಿ ಇಟ್ಟಿದ್ರೆ ಬಿಡ್ತಿದ್ರಾ?’ ಅದನ್ನು ನಾಲಿಗೆಯ ಮೇಲೆ ಆಚೀಚೆ ಹೊರಳಿಸಿ ಚಪ್ಪರಿಸಿದ. ಚರಚರ ಎನ್ನುತ್ತಿದ್ದ ಪೇಪರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕುವುದಿಲ್ಲ. ಆದರೆ ಆ ವಾಕ್ಯದ ಬಾಲಕ್ಕೆ ಇನ್ನೊಂದು ಅಂಟಿಕೊಂಡಿತ್ತು: ಹಾಗಾದರೆ ರಿಂಗು? ಒಂದನ್ನು ಹೇಳಿದರೆ ಇನ್ನೊಂದನ್ನು ನುಂಗುವಂತಿರಲಿಲ್ಲ. ಅವನು ಒಮ್ಮೆ ಆಡಿದ ರೋಗದ ಹೆಸರನ್ನು ಹಿಂತೆಗೆದುಕೊಂಡದ್ದಿಲ್ಲ; ಹಾಗೆ ತೆಗೆದುಕೊಳ್ಳಬೇಕಾದ ಪ್ರಸಂಗಗಳಲ್ಲಿ ರೋಗಕ್ಕೇ ಹೆಸರು ಬದಲಾಯಿಸಿಕೊಳ್ಳಲು ಸಮಯ ಕೊಟ್ಟಿದ್ದ. ಈಗಲೂ ದಾರಿಯಿತ್ತು. ಎಂಜಿನ್ನು ಇಳಿಸುವುದು, ಹೊಸ ರಿಂಗು ಹಾಕುವುದು. ‘ರಿಂಗು ಹೊಂದಿಕೊಳ್ಳೋ ತನಕ ಆಯಿಲ್ ನೀವು ಮುಟ್ಟಬೇಡಿ, ನಾನೇ ಬಂದು ನೋಡ್ತೀನಿ’ ಎನ್ನುವುದು. ಹೊಗೆ ನಿಲ್ಲುತ್ತದೆ, ಮಾತು ಉಳಿಯುತ್ತದೆ, ಬೀಗರಿಗೂ ಅವಮಾನವಿಲ್ಲ. ಇಷ್ಟು ಚೆನ್ನಾಗಿ ಕೂಡಿಬರುವ ಸುಳ್ಳನ್ನು ಹೇಳದೆ ಬಿಡುವುದೂ ಒಂದು ಥರದ ದುಂದುಗಾರಿಕೆ ಎನಿಸಿತು. ಸರಿಯಿರುವ ಎಂಜಿನ್ನನ್ನು ಸೀಳುವುದಕ್ಕೆ ಮಾತ್ರ ಅಂಗೈ ಒಪ್ಪುತ್ತಿರಲಿಲ್ಲ. ಆದರೆ ಅಂಗೈಯನ್ನು ಕೇಳಿದ್ದು ಯಾರು?

ಮಗಳು ಗ್ಯಾರೇಜಿನ ಹಿಂದಿದ್ದ ಮನೆಯಿಂದ ಟೀ ಲೋಟಗಳ ತಟ್ಟೆ ಹಿಡಿದು ಬಂದಳು. ಅಮ್ಮನನ್ನು ನೋಡಿಕೊಂಡು ಹೋಗುವ ನೆಪದಲ್ಲಿ ಮಾವನ ಜೊತೆ ಬಂದಿದ್ದಳು. ಗ್ಯಾರೇಜಿಗೆ ಕಾಲಿಟ್ಟವಳು ನೆಲದ ಯಾವ ಜಾಗದಲ್ಲಿ ಜಿಡ್ಡಿದೆಯೆಂದು ನೋಡದೆಯೇ ದಾಟಿದಳು. ಈ ನೆಲದ ಮೇಲೆ ಹೋಮ್‌ವರ್ಕ್ ಮಾಡಿದ ಹುಡುಗಿ. ಶಾಲೆಯ ಚೀಲದಲ್ಲಿ ಹನ್ನೆರಡು ಹದಿಮೂರರ ಅಳತೆಯ ಸ್ಪ್ಯಾನರು ಸಿಕ್ಕಿ ಟೀಚರು ಕರೆಸಿದ್ದರು, ಆವತ್ತಿನಿಂದ ಬೀದಿಗೆಲ್ಲ ಅವಳ ಹೆಸರೇ ಹನ್ನೆರಡು ಹದಿಮೂರು. ಮಾವನಿಗೆ ಲೋಟ ಕೊಟ್ಟು, ಅಪ್ಪನಿಗೆ ಕೊಡಲು ಬಂದವಳು ಬನಿಯನ್ನಿನ ತುಂಡಿನ ಮುಂದೆ ನಿಂತಳು. ಅವನು ಹೊರಳಿಸಿ ಹೊರಳಿಸಿ ಚದುರಿಸಿದ್ದ ಪ್ಲಗ್ಗುಗಳನ್ನು ಬೆರಳ ತುದಿಯಿಂದ ಒಂದು ಸಾಲಿಗೆ ತಂದಳು, ಮೂತಿಗಳೆಲ್ಲ ಒಂದೇ ಕಡೆ. ಅಪ್ಪನ ಮುಖ ನೋಡಲಿಲ್ಲ. ನೋಡದಿರುವುದರಲ್ಲೇ ಎಲ್ಲವೂ ಇತ್ತು.

“ನೋಡಿ, ನಿಮ್ಮ ಮಗಳೂ ಸ್ವಲ್ಪ ಮೆಕ್ಯಾನಿಕ್ಕೇ,” ಎಂದರು ಬೀಗರು ಟೀ ಊದುತ್ತ. “ಮದುವೆಯಾಗಿ ಬಂದ ಹೊಸದ್ರಲ್ಲೇ ಏನೋ ಅಂದ್ಲು. ‘ಮಾವ, ಕಾರು ಇಳಿಜಾರಲ್ಲಿ ನಿಲ್ಲುತ್ತೆ, ಅಳತೆ ತಪ್ಪುತ್ತೇನೋ’ ಅಂತ. ನಾನೂ ಯೋಚ್ನೆ ಮಾಡ್ತಿದ್ದೆ. ಅಷ್ಟ್ರಲ್ಲಿ ನೀವು ಊಟಕ್ಕೆ ಬಂದು ರಿಂಗು ಅಂದ್ರಿ. ಆಮೇಲೆ ನಾನೇ ಹೇಳ್ದೆ, ‘ಏನಮ್ಮ, ನಿಮ್ಮಪ್ಪನಿಗಿಂತ ನಿನಗೆ ಹೆಚ್ಚು ಗೊತ್ತಾ? ಬಾಯಿಗೆ ಬಂದದ್ದು ಹೇಳ್ಬಾರ್ದು.’ ಅವತ್ತಿಂದ ಪಾಪ, ಅವಳು ಯಾವುದಕ್ಕೂ ಮಾತೇ ಆಡೋದಿಲ್ಲ. ನಲ್ಲಿ ಕೆಟ್ರೂ ‘ಏನೋ ಗೊತ್ತಿಲ್ಲ ಮಾವ’ ಅಂತಾಳೆ.” ಅದನ್ನವರು ಸೊಸೆಯ ವಿನಯದ ವರ್ಣನೆಯಾಗಿ ಹೇಳಿದರು. ತಟ್ಟೆ ಹಿಡಿದು ನಿಂತಿದ್ದ ಅವಳು ಟೀಯ ಕೆನೆಯನ್ನು ನೋಡುತ್ತಿದ್ದಳು.

ತೆರೆದು ಮುಚ್ಚಿದ ಬಾಯಿ. ಅಡುಗೆಮನೆಯ ಬಾಗಿಲು. ಗಾಡಿಗಳ ಕೆಳಗೆ ಮಲಗಿ ಅವನು ಇಷ್ಟು ದಿನ ಸುಖಪಟ್ಟಿದ್ದ ಆ ಮುಖ ಈಗ ತಿರುಗಿ ತನ್ನ ನಿಜವಾದ ಕಡೆಯನ್ನು ತೋರಿಸಿತು. ತುತ್ತು ಬಾಯಿಗಿಡುತ್ತ ಅವನು ಮುಚ್ಚಿಸಿದ್ದು ಬೀಗರ ಬಾಯನ್ನಲ್ಲ. ನಲ್ಲಿ ಕೆಟ್ಟರೂ ಗೊತ್ತಿಲ್ಲ ಅನ್ನುತ್ತಾಳಂತೆ. ಕಣ್ಣು ಕಟ್ಟಿ ಕೂರಿಸಿದರೂ ಕಾರ್ಬೊರೇಟರು ಬಿಚ್ಚಿ ಜೋಡಿಸುತ್ತಿದ್ದವಳು. ತಟ್ಟೆಯಿಂದ ತನ್ನ ಲೋಟ ಎತ್ತಿಕೊಂಡ. ಪೇಪರು ಹಾಸಿಸಿಕೊಂಡದ್ದು ಅವನು. ಮುದುರಿ ಕೂತದ್ದು ಅವಳು. ಇಷ್ಟಾದರೂ, ಮನುಷ್ಯನ ಮನಸ್ಸು ವಿಚಿತ್ರ, ನಾಚಿಕೆಯ ನಡುವೆ ಒಂದು ಬೆಚ್ಚಗಿನ ಎಳೆ ಏಳುತ್ತಿತ್ತು: ಬಾನೆಟ್ಟು ಮುಟ್ಟಲು ಬಿಡದ ಮನೆಯಲ್ಲಿ, ಅಂಗಳ ಗುಡಿಸುತ್ತ ಗುಡಿಸುತ್ತ ಕಂಡುಹಿಡಿದಿದ್ದಾಳೆ! ತಾನು ಪ್ಲಗ್ಗು ಬಿಚ್ಚಿ, ಗೇಜು ಹಿಡಿದು, ಪೈಪಿಗೆ ಬೆರಳು ಹಾಕಿ ಮುಟ್ಟಿದ ಜಾಗಕ್ಕೆ ಅವಳು ಪೊರಕೆ ಹಿಡಿದೇ ಮುಟ್ಟಿದ್ದಾಳೆ.

ಎದುರಿನ ಟೈರ್ ಅಂಗಡಿಯವನು ಇಂಥ ಹೊತ್ತಿಗೆ ಬಾರದೆ ಇರುವವನಲ್ಲ. ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. “ಏನ್ ಮೇಸ್ತ್ರಿ, ಎಂಜಿನ್ ಇಳಿಸೋಕೆ ಕೈ ಹಾಕ್ಲಾ? ರಿಂಗು ಅಂದಿದ್ಯಂತಲ್ಲ, ಕೂತಲ್ಲೇ.”

ಮೇಸ್ತ್ರಿ ಲೋಟ ಕೆಳಗಿಟ್ಟ. “ರಿಂಗು ಹೋಗಿಲ್ಲ,” ಎಂದ. ದನಿ ತನ್ನದಲ್ಲವೇನೋ ಎಂಬಷ್ಟು ದೊಡ್ಡದಾಗಿ ಬಂತು. “ನಾನು ಹೇಳಿದ್ದು ತಪ್ಪು ಬೀಗರೇ. ನೋಡ್ದೇ ಹೇಳ್ಬಿಟ್ಟೆ. ನನ್ನ ಮಗಳು ಹೇಳಿದ್ದೇ ಸರಿ. ಇಳಿಜಾರೇ. ಎಂಜಿನ್ ಕಲ್ಲಿದ್ದ ಹಾಗಿದೆ, ಆಯಿಲ್ ಹೆಚ್ಚಾಗಿದೆ ಅಷ್ಟೆ.”

ಆಕಾಶ ಬೀಳಲಿಲ್ಲ. ಟೈರ್ ಅಂಗಡಿಯವನ ಬಾಯಿ ಮಾತ್ರ ಸ್ವಲ್ಪ ಬಿತ್ತು. ಬೀಗರು ಕನ್ನಡಕದ ಗೂಡು ತೆರೆದು ಕನ್ನಡಕ ಹಾಕಿಕೊಂಡು, “ಹೆಚ್ಚಾಗಿದೆ ಅಂದ್ರೆ? ದಿನಾ ಅಳೀತೀನಿ ನಾನು,” ಎಂದರು. “ಮಾತು ಬೇಡ. ತೋರಿಸಿ.”

“ನಾನಲ್ಲ, ಅವಳು ತೋರಿಸ್ತಾಳೆ,” ಎಂದ ಮೇಸ್ತ್ರಿ.

ಅವಳು ಒಂದು ಕ್ಷಣ ಮಾವನ ಕಡೆ, ಒಂದು ಕ್ಷಣ ಸೆರಗಿನ ಕಡೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗ್ಯಾರೇಜಿನ ಬಾಯಿಂದ ರಸ್ತೆಗೆ ಒಂದು ಸಿಮೆಂಟಿನ ಇಳುಕಲಿತ್ತು. ಅಪ್ಪ ಮತ್ತು ಟೈರ್ ಅಂಗಡಿಯವನು ಹಿಂದಿನಿಂದ ತಳ್ಳಿದರು, ಅವಳು ಕಿಟಕಿಯಿಂದ ಸ್ಟಿಯರಿಂಗ್ ಹಿಡಿದು ನಡೆಯುತ್ತ ಕಾರಿನ ಮೂಗನ್ನು ಇಳುಕಲಿಗೆ ತಂದು ಹ್ಯಾಂಡ್‌ಬ್ರೇಕು ಎಳೆದಳು. “ಚಕ್ರಕ್ಕೆ ಕಲ್ಲು ಕೊಡಣ್ಣ,” ಎಂದಳು ಟೈರ್ ಅಂಗಡಿಯವನಿಗೆ, ಮದುವೆಗೆ ಮುಂಚಿನ ದನಿಯಲ್ಲಿ. “ಆಯಿಲ್ ಇಳಿದು ಸೇರಲಿ. ಟೀ ಕುಡೀರಿ ಮಾವ.” ಬೀಗರು ಕುಡಿದರು. ಬಹಳ ದಿನಗಳ ನಂತರ ಯಾರೋ ಅವರಿಗೆ ಆಜ್ಞೆ ಕೊಟ್ಟಿದ್ದರು. ಅವಳು ಕಡ್ಡಿ ಎಳೆದಳು. ಒರೆಸಲು ಸುತ್ತ ನೋಡಿ, ಬನಿಯನ್ ತುಂಡು ಪ್ಲಗ್ಗಿನ ಮಸಿಯಾಗಿದ್ದರಿಂದ, ಡ್ರೈವರ್ ಸೀಟಿನ ಕಡೆ ಕೈ ಚಾಚಿ ಅಲ್ಲಿ ಹಾಸಿದ್ದ ಪೇಪರನ್ನು ಪರ್ರನೆ ಎಳೆದಳು.

“ಅಯ್ಯಯ್ಯೋ, ಅದು ನನ್ನ ಪೇಪರಮ್ಮ!” ಬೀಗರು ಸ್ಟೂಲಿನಿಂದ ಎದ್ದೇಬಿಟ್ಟರು. “ನಾನು ಕೂತ್ಕೊಳ್ಳೋಕೆ ಏನು ಹಾಸ್ಲಿ? ಸೀಟು ಕೊಳೆಯಾಗೋಲ್ವೇ?”

ಮೇಸ್ತ್ರಿ ಕಾರಿನೊಳಗೆ ಬಗ್ಗಿ ನೋಡಿದ. ಪಕ್ಕದ ಸೀಟಿನ ಮೇಲೆ, ಮಗಳು ಕೂತು ಬಂದ ಜಾಗದಲ್ಲಿ, ಒಂದು ಪೇಪರು. ಹಿಂದಿನ ಸೀಟಿನುದ್ದಕ್ಕೂ ಪೇಪರು, ಮೂಲೆಗಳನ್ನು ಸಂದಿಗೆ ಸಿಕ್ಕಿಸಿ, ಹಾಸಿಗೆಗೆ ಹೊದಿಸಿದ ಹಾಗೆ. ಈ ಮನುಷ್ಯ ಸ್ವಂತ ಕಾರಿನಲ್ಲಿ ಸ್ವಂತ ಹಿಂಭಾಗವನ್ನೂ ನಂಬಿದವನಲ್ಲ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ಅವಮಾನ ತನ್ನೊಬ್ಬನದಾಗಿರಲೂ ಇಲ್ಲವಲ್ಲ ಎಂದು ಅವನಿಗೆ ನಗು ಬಂತು. ಅದರ ಹಿಂದೆಯೇ, ಏನೋ ಕಳೆದುಕೊಂಡವನ ಹಾಗೆ ಸಣ್ಣ ನಿರಾಸೆಯೂ ಬಂತು.

ಅವಳು ಕಡ್ಡಿಯನ್ನು ಪೇಪರಿನಲ್ಲಿ ಒರೆಸಿ, ಅದ್ದಿ, ಎಳೆದು, ಮಾವನ ಕನ್ನಡಕದ ಮುಂದೆ ಅಡ್ಡಕ್ಕೆ ಹಿಡಿದಳು. ಆಯಿಲು ಕೆಳಗಿನ ಗೀರಿಗೂ ತಾಗಿರಲಿಲ್ಲ. “ಹ್ಞೂಂ, ದಿನಾ ಇಷ್ಟೇ,” ಎಂದರು ಅವರು. ಕಾರನ್ನು ಹಿಂದಕ್ಕೆ, ಮಟ್ಟದ ನೆಲಕ್ಕೆ ತಳ್ಳಿದರು. ಕಾದರು. ಮತ್ತೆ ಒರೆಸಿದಳು, ಅದ್ದಿದಳು, ಎಳೆದಳು. ಅದೇ ಆಯಿಲು, ಅದೇ ಕಡ್ಡಿ, ಮೇಲಿನ ಗೀರಿನಿಂದ ಒಂದು ಬೆರಳಗಲ ಮೇಲೆ. ಬೀಗರು ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡು, ನೆಲವನ್ನು ನೋಡಿ, ಇಳುಕಲನ್ನು ನೋಡಿ, ಮತ್ತೆ ಕಡ್ಡಿಯನ್ನು ನೋಡಿದರು. ಮೇಸ್ತ್ರಿಯ ನಾಲಿಗೆಯ ಮೇಲೆ ಆ ವಾಕ್ಯ ಇನ್ನೂ ಇತ್ತು, ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಬೀಗರೇ ಅದನ್ನು ಅವನ ಬಾಯಿಂದ ಕಿತ್ತುಕೊಂಡರು.

“ತಕ್ಕಡಿ ಇಡೋ ಮುಂಚೆ ಹಲಗೆ ಮಟ್ಟ ನೋಡು, ಹಲಗೆ ಮಟ್ಟ ನೋಡು ಅಂತ ಅಂಗಡಿ ಅಂಗಡಿಗೂ ಹೇಳಿ ಹೇಳಿ ಗಂಟಲು ಕಟ್ಟಿಸ್ಕೊಂಡವನು ನಾನು,” ಎಂದರು. ನಗಲಿಲ್ಲ. “ಇನ್ನೊಬ್ಬ ಇನ್ಸ್‌ಪೆಕ್ಟರು ಇದನ್ನ ನೋಡಿದ್ರೆ ನನ್ನ ಮೇಲೇ ಕೇಸು ಹಾಕ್ತಿದ್ದ.” ಸೊಸೆಯ ಕಡೆ ತಿರುಗದೆ, ಕಡ್ಡಿಗೇ ಹೇಳುವ ಹಾಗೆ, “ನೀನು ಹೇಳಿದ್ದೆ ಕಣಮ್ಮ,” ಎಂದರು. ಕಡ್ಡಿಯನ್ನು ಅವಳ ಕೈಗೆ ಕೊಟ್ಟರು. “ಇನ್ಮೇಲೆ ಇದು ನಿಂದು. ಅಡುಗೆಮನೆ ನಲ್ಲೀನೂ ಒಮ್ಮೆ ನೋಡು. ಅದರ ವಿಷಯ ನಿನಗೆ ಗೊತ್ತಿದೆ ಅಂತ ನನಗೀಗ ಅನುಮಾನ.”

“ವಾಷರ್ ಹೋಗಿದೆ ಮಾವ,” ಎಂದಳು ಅವಳು ತಕ್ಷಣ. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಟೈರ್ ಅಂಗಡಿಯವನು ಬಿದ್ದು ಬಿದ್ದು ನಕ್ಕ.

ಉಳಿದದ್ದು ಕೆಲಸವೆನಿಸುವಷ್ಟೂ ಇರಲಿಲ್ಲ. ಅವಳು ಕೆಳಗಿನ ಬೋಲ್ಟು ಸಡಿಲಿಸಿ ಹೆಚ್ಚಿನ ಆಯಿಲನ್ನು ಡಬ್ಬಕ್ಕೆ ಇಳಿಸಿ, ಕಡ್ಡಿ ನೋಡಿ, ಬೋಲ್ಟು ಬಿಗಿದಳು. ಅವನು ಪೈಪು ತೊಳೆದು, ಪ್ಲಗ್ಗುಗಳನ್ನು ಉಜ್ಜಿ ಬೆಳ್ಳಗೆ ಮಾಡಿದ. ಅಕ್ಕಪಕ್ಕ ಕೂತು, ಬೇಕಾದದ್ದನ್ನು ಕೇಳದೆಯೇ ಒಬ್ಬರ ಕೈಗೊಬ್ಬರು ಕೊಟ್ಟುಕೊಂಡರು. ಮಧ್ಯೆ ಅವನು ತಗ್ಗಿದ ದನಿಯಲ್ಲಿ, “ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನೇ?” ಎಂದ. ಅವಳು ಬೋಲ್ಟಿನಿಂದ ಕಣ್ಣೆತ್ತದೆ, “ನೀನು ರಿಂಗು ಅಂದ್ಮೇಲೆ ಯಾರಿಗೆ ಹೇಳೋದಪ್ಪ? ಆ ದಿನ ನಿನ್ನ ಮುಖ ನೋಡ್ಬೇಕಿತ್ತು. ಅಷ್ಟು ಖುಷಿಯಾಗಿದ್ದೆ,” ಎಂದಳು. ಅವನು ಉಜ್ಜಿದ ಪ್ಲಗ್ಗನ್ನೇ ಮತ್ತೆ ಉಜ್ಜಿದ.

ಹೊರಡುವಾಗ ಬೀಗರು ಪಕ್ಕದ ಸೀಟಿನ ಪೇಪರನ್ನು ಸರಿಪಡಿಸಿಕೊಂಡು ಅದರ ಮೇಲೆ ಕೂತು, ಬೀಗದ ಕೈಯನ್ನು ಕಿಟಕಿಯಿಂದ ಸೊಸೆಗೆ ಚಾಚಿದರು. ಅವಳು ಬರಿಯ ಸೀಟಿನ ಮೇಲೆ ಕೂತಳು. ಮಾವ ಸೀಟನ್ನು ನೋಡಿದರು, ಅವಳ ಸೀರೆಯ ಮೇಲಿನ ಆಯಿಲ್ ಕಲೆಯನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿಕೊಂಡರು. ಕಾರು ಸ್ಟಾರ್ಟಾಯಿತು. ಪೈಪಿನಲ್ಲಿ ಉಳಿದಿದ್ದ ನೀಲಿ ಒಂದಿಷ್ಟು ಹೊರಬಂದು ತೆಳುವಾಯಿತು, ನಿಂತಿತು.

“ಏನ್ ಮೇಸ್ತ್ರಿ,” ಎಂದ ಟೈರ್ ಅಂಗಡಿಯವನು, “ಕಡೆಗೂ ಕಿವಿ ಕೈಕೊಡ್ತಲ್ಲ. ನಾಳೆಯಿಂದ ಬೀದೀಲಿ ಏನಂತ ಕರೀಬೇಕು ನಿನ್ನ?”

“ಹನ್ನೆರಡು ಹದಿಮೂರರ ಅಪ್ಪ ಅನ್ನು,” ಎಂದ ಮೇಸ್ತ್ರಿ. ಹೇಳಿದ್ದು ಕಿವಿಗೆ ಹಿತವಾಗಿತ್ತು. ಮಗಳು ಕಡ್ಡಿ ಒರೆಸಿದ್ದ ಪೇಪರನ್ನು ನೆಲದಿಂದ ಎತ್ತಿ, ಸ್ಟೂಲಿನ ಮೇಲೆ ನೀಟಾಗಿ ಹಾಸಿ ಕೂತ. ಅದು ಚರಚರ ಎಂದಿತು. ರಸ್ತೆಯ ತಿರುವಿನಲ್ಲಿ ಅವಳು ಗೇರು ಬದಲಿಸಿದ್ದು ಕೇಳಿಸಿತು: ಎಲ್ಲೂ ಒರಟಿಲ್ಲದೆ, ಸರಿಯಾದ ಹೊತ್ತಿಗೆ. ಸದ್ದು ಪೂರ್ತಿ ಅಳಿಸಿಹೋಗುವವರೆಗೂ ಅವನು ಕೇಳುತ್ತ ಕೂತ. ಅದರಲ್ಲಿ ಹುಡುಕಲು ಯಾವ ರೋಗವೂ ಇರಲಿಲ್ಲ.